ಹಳೇ ಡಿಸ್ಕ್ ತೆಗೆದರೂ ಬೂಟ್ ಆಗಬೇಕು: ಗೇಮಿಂಗ್ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿದ ಕಥೆ

ಲ್ಯಾಪ್‌ಟಾಪ್ ಆನ್ ಮಾಡಿ ಪಾಸ್‌ವರ್ಡ್ ಹಾಕಿ, ಎದ್ದು ಹೋಗಿ ಮುಖ ತೊಳೆದು ಬಂದರೂ ಅದು ಇನ್ನೂ ರೆಡಿ ಆಗಿರುತ್ತಿರಲಿಲ್ಲ. ಡೆಸ್ಕ್‌ಟಾಪ್ ಏನೋ ಕಾಣುತ್ತಿತ್ತು. ಆದರೆ ಯಾವುದನ್ನು ಒತ್ತಿದರೂ ಮೌಸ್ ಪಕ್ಕದ ನೀಲಿ ಉಂಗುರ ಸುತ್ತುತ್ತಲೇ ಇರುತ್ತಿತ್ತು. ಒಂದು ದಿನ ಸ್ಟಾಪ್‌ವಾಚ್ ಹಿಡಿದು ಕೂತೆ. ಪವರ್ ಬಟನ್ ಒತ್ತಿದಾಗಿನಿಂದ ಬ್ರೌಸರ್ ತೆರೆದು ಮೊದಲ ಪುಟ ಕಾಣುವವರೆಗೆ 2 ನಿಮಿಷ 50 ಸೆಕೆಂಡ್.

ಆರು ವರ್ಷದ ಹಳೆಯ ಗೇಮಿಂಗ್ ಲ್ಯಾಪ್‌ಟಾಪ್ ಇದು. ಆರು ಕೋರ್ ಪ್ರೊಸೆಸರ್, 16 ಜಿಬಿ ರ‍್ಯಾಮ್, 6 ಜಿಬಿಯ ಗ್ರಾಫಿಕ್ಸ್ ಕಾರ್ಡ್. ಇವತ್ತಿಗೂ ಎಷ್ಟೋ ಗೇಮ್‌ಗಳಿಗೆ ಇಷ್ಟು ಸಾಕು. ಇದರಲ್ಲಿ ಹಿಂದೆ ಬಿದ್ದಿದ್ದದ್ದು ಒಂದೇ ಭಾಗ: ನಿಮಿಷಕ್ಕೆ 5400 ಸುತ್ತು ತಿರುಗುವ 1 ಟಿಬಿ ಹಾರ್ಡ್ ಡಿಸ್ಕ್. ಓಪನ್ ವರ್ಲ್ಡ್ ಗೇಮ್‌ನಲ್ಲಿ ಗಾಡಿ ಜೋರಾಗಿ ಓಡಿಸಿದರೆ ಮುಂದಿನ ರಸ್ತೆ ಮಸುಕಾಗಿ ಬರುತ್ತಿತ್ತು. ಕಟ್ಟಡಗಳ ಗೋಡೆ ಸಾಬೂನು ಸವರಿದ ಹಾಗೆ ನುಣ್ಣಗೆ ಕಾಣುತ್ತಿತ್ತು, ನಿಂತು ನೋಡಿದರೆ ನಿಧಾನಕ್ಕೆ ಇಟ್ಟಿಗೆ ಮೂಡುತ್ತಿತ್ತು. ನಡುವೆ ಅರ್ಧ ಸೆಕೆಂಡ್ ಎಲ್ಲವೂ ಗಕ್ಕನೆ ನಿಲ್ಲುತ್ತಿತ್ತು.

ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕ್ 100% ಬ್ಯುಸಿ. ಆದರೆ ಪಕ್ಕದಲ್ಲೇ ಓದುವ ವೇಗ ನೋಡಿದರೆ ಸೆಕೆಂಡಿಗೆ 1.2 ಎಂಬಿ! ಪೂರ್ತಿ ದುಡಿಯುತ್ತಿದೆ, ಆದರೂ ಕೊಡುತ್ತಿರುವುದು ಇಷ್ಟೇ. ಇದು ಯಾಕೆ ಅಂತ ಅರ್ಥವಾದರೆ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಡ್ರೈವ್) ಯಾಕೆ ಬೇಕು ಅನ್ನೋದೂ ಅರ್ಥವಾಗುತ್ತದೆ. ಲೆಕ್ಕ ಸುಲಭ. ನಿಮಿಷಕ್ಕೆ 5400 ಸುತ್ತು ಅಂದರೆ ಸೆಕೆಂಡಿಗೆ 90. ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅಂದರೆ ಐದೂವರೆ ಮಿಲಿಸೆಕೆಂಡ್. ಅದಕ್ಕೂ ಮೊದಲು ಹೆಡ್ ಸರಿಯಾದ ಪಥಕ್ಕೆ ಸರಿಯಬೇಕು, ಅದಕ್ಕೆ ಸುಮಾರು 12. ಒಟ್ಟು 17ರ ಆಸುಪಾಸು. ಹೀಗೆ ಸೆಕೆಂಡಿಗೆ 60 ಸಲಕ್ಕಿಂತ ಹೆಚ್ಚು ಜಿಗಿಯಲು ಅದಕ್ಕೆ ಆಗುವುದಿಲ್ಲ. ಪ್ರತಿ ಜಿಗಿತದಲ್ಲಿ 4 ಕೆಬಿಯ ಚೂರು ಓದಿದರೆ ಸೆಕೆಂಡಿಗೆ ಸಿಗುವುದು ಕಾಲು ಎಂಬಿಗಿಂತ ಕಮ್ಮಿ. ದೊಡ್ಡ ಸಿನಿಮಾ ಫೈಲನ್ನು ಒಂದೇ ಸಮನೆ ಓದುವಾಗ ಇದೇ ಡಿಸ್ಕ್ 110 ಎಂಬಿ ಕೊಡುತ್ತದೆ. ಆದರೆ ವಿಂಡೋಸ್ ಬೂಟ್ ಆಗುವಾಗಲೂ ಗೇಮ್ ಓಡುವಾಗಲೂ ಬೇಕಾಗುವುದು ಅಲ್ಲಿ ಇಲ್ಲಿ ಚದುರಿದ ಸಣ್ಣ ಸಣ್ಣ ಚೂರುಗಳು. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಅದೇ 4 ಕೆಬಿ ಚೂರು ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಕೈಗೆ ಬರುತ್ತದೆ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ 3500, 7000 ಎಂಬಿ ವೇಗಕ್ಕಿಂತ ದಿನನಿತ್ಯದ ಬಳಕೆಯಲ್ಲಿ ನಮಗೆ ಗೊತ್ತಾಗುವುದು ಈ ಕಾಯುವಿಕೆ ಹೋಗಿದ್ದು.

ಹೊಸ ಡ್ರೈವ್ ಆರಿಸುವ ಮೊದಲು ಹಳೆಯದರ ಆರೋಗ್ಯ ನೋಡಿದೆ. ಪ್ರತಿ ಡಿಸ್ಕ್‌ನಲ್ಲೂ ಸ್ಮಾರ್ಟ್ ಅನ್ನುವ ಲೆಕ್ಕದ ಪಟ್ಟಿ ಇರುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಥರದ ಉಚಿತ ತಂತ್ರಾಂಶದಲ್ಲಿ ಅದನ್ನು ನೋಡಬಹುದು. ಎರಡು ಸಾಲು ಮುಖ್ಯ. ಒಂದು, ಕೆಟ್ಟು ಹೋಗಿ ಬದಲಿ ಜಾಗ ಕೊಟ್ಟ ಸೆಕ್ಟರ್‌ಗಳ (ಡಿಸ್ಕ್‌ನ ಸಣ್ಣ ಸಣ್ಣ ತುಂಡುಗಳ) ಲೆಕ್ಕ. ಇನ್ನೊಂದು, ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಲೆಕ್ಕ. ಆರೋಗ್ಯವಾಗಿರುವ ಡಿಸ್ಕ್‌ನಲ್ಲಿ ಎರಡೂ ಸೊನ್ನೆ ಇರಬೇಕು. ನನ್ನದರಲ್ಲಿ ಮೊದಲನೆಯದು 16, ಎರಡನೆಯದು 24. ಅಲ್ಲಿಗೆ ಇದು ಬರೀ ವೇಗದ ವಿಷಯವಾಗಿ ಉಳಿಯಲಿಲ್ಲ. ಡಿಸ್ಕ್ ಸಾಯತೊಡಗಿತ್ತು.

ಹಾಗಾಗಿ ಮೊದಲ ಕೆಲಸ ಸ್ಕ್ರೂಡ್ರೈವರ್‌ನದಲ್ಲ, ಬ್ಯಾಕಪ್‌ನದು. ಸಾಯುತ್ತಿರುವ ಡಿಸ್ಕ್‌ನಿಂದ ಎಲ್ಲವನ್ನೂ ಒಟ್ಟಿಗೆ ಎಳೆಯಬಾರದು. ಯಾವುದು ಮತ್ತೆ ಸಿಗುವುದಿಲ್ಲವೋ ಅದು ಮೊದಲು. ಫೋಟೋ, ಕೆಲಸದ ಕಡತ, ಆಮೇಲೆ ಗೇಮ್‌ಗಳ ಸೇವ್ ಫೈಲ್. ಗೇಮ್‌ಗಳು ಕೊನೆಗೆ, ಅವನ್ನು ಮತ್ತೆ ಡೌನ್‌ಲೋಡ್ ಮಾಡಬಹುದು ಅಲ್ವಾ. ಸೇವ್ ಫೈಲ್ ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರು. ಎಲ್ಲಾ ಗೇಮ್‌ಗಳೂ ಕ್ಲೌಡ್‌ನಲ್ಲಿ ಉಳಿಸುವುದಿಲ್ಲ. ಕೆಲವು ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಇಡುತ್ತವೆ, ಕೆಲವು ಸೇವ್ಡ್ ಗೇಮ್ಸ್‌ನಲ್ಲಿ, ಇನ್ನು ಕೆಲವು ಆ್ಯಪ್‌ಡೇಟಾ ಅನ್ನುವ ಫೋಲ್ಡರಿನಲ್ಲಿ. ಈ ಕೊನೆಯದು ಮಾಮೂಲಿಯಾಗಿ ಕಣ್ಣಿಗೆ ಕಾಣುವುದೇ ಇಲ್ಲ. ಅಡಗಿದ ಫೋಲ್ಡರ್ ತೋರಿಸು ಅಂತ ಹೇಳಿದರೆ ಮಾತ್ರ ಕಾಣುತ್ತದೆ. ನೂರಿಪ್ಪತ್ತು ಗಂಟೆ ಆಡಿದ ಒಂದು ಗೇಮ್‌ನ ಸೇವ್ ನನಗೆ ಸಿಕ್ಕಿದ್ದು ಅಲ್ಲೇ.

ಕಾಪಿ ಮಾಡಲು ರೋಬೋಕಾಪಿ ಬಳಸಿದೆ. ವಿಂಡೋಸ್ ಜೊತೆಗೇ ಬರುವ ಕಮಾಂಡ್ ಅದು, ನಂಬಿಕಸ್ತ. ಆದರೆ ಒಂದು ವಿಷಯ ಗೊತ್ತಿರಬೇಕು. ಒಂದು ಫೈಲ್ ಓದಲಾಗದಿದ್ದರೆ ಅದು ತನ್ನಷ್ಟಕ್ಕೆ 10 ಲಕ್ಷ ಸಲ ಮತ್ತೆ ಪ್ರಯತ್ನಿಸುತ್ತದೆ, ಪ್ರತಿ ಸಲ 30 ಸೆಕೆಂಡ್ ಕಾಯುತ್ತದೆ. ಮೊದಲ ರಾತ್ರಿ ಸುಮ್ನೆ ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಒಂದೇ ಫೈಲಿನ ಸುತ್ತ ಗಾಣದೆತ್ತಿನ ಹಾಗೆ ಸುತ್ತುತ್ತಾ ಇತ್ತು. ಕೆಟ್ಟ ಸೆಕ್ಟರನ್ನು ರಾತ್ರಿಯಿಡೀ ಕೆರೆಯುವುದು ಡಿಸ್ಕ್‌ಗೂ ಒಳ್ಳೆಯದಲ್ಲ. ಪ್ರಯತ್ನ ಒಂದೇ ಸಲ, ಕಾಯುವುದು ಒಂದೇ ಸೆಕೆಂಡ್ ಅಂತ ಹೇಳಿ, ಆಗದ ಫೈಲುಗಳ ಪಟ್ಟಿಯನ್ನು ಬೇರೆ ಕಡತಕ್ಕೆ ಬರೆಯುವಂತೆ ಮಾಡಿದೆ. ಕೊನೆಗೆ ಹೋದದ್ದು ಮೂರೇ ಫೈಲು. ಮೂರೂ ಗೇಮ್‌ಗೆ ಸೇರಿದವು. ಜೀವ ಬಂದಂತಾಯಿತು.

ಇದೇ ಹೊತ್ತಿಗೆ ಇನ್ನೊಂದನ್ನು ನೋಡಿಕೊಂಡೆ. ಡಿಸ್ಕ್ ವಿಂಡೋಸ್‌ನ ಬಿಟ್‌ಲಾಕರ್‌ನಲ್ಲಿ ಎನ್‌ಕ್ರಿಪ್ಟ್ ಆಗಿದೆಯಾ, ಅಂದರೆ ಬೀಗ ಬಿದ್ದಿದೆಯಾ ಅಂತ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ನಮಗೆ ಗೊತ್ತಿಲ್ಲದೆಯೇ ಅದು ಆನ್ ಆಗಿರುತ್ತದೆ. ಆಗ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ, ಮದರ್‌ಬೋರ್ಡ್‌ನ ತಂತ್ರಾಂಶ) ಏನಾದರೂ ಬದಲಿಸಿದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಒಳಗಿರುವುದು ಒಳಗೇ. ನನ್ನದರಲ್ಲಿ ಆಫ್ ಇತ್ತು. ನಿಮ್ಮದರಲ್ಲಿ ಆನ್ ಇದ್ದರೆ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡೇ ಮುಂದೆ ಹೋಗಿ.

ಈಗ ಡ್ರೈವ್. ತಳದ ಮುಚ್ಚಳ ಒಮ್ಮೆ ಬಿಚ್ಚಿ ನೋಡಿದಾಗ ಎಸ್‌ಎಸ್‌ಡಿ ಸಿಕ್ಕಿಸುವ ಒಂದು ಎಂ.2 ಸ್ಲಾಟ್ ಖಾಲಿ ಇತ್ತು. ಇಲ್ಲಿ ತುಂಬಾ ಜನ ಎಡವುತ್ತಾರೆ. ಎಂ.2 ಅನ್ನೋದು ಆಕಾರದ ಹೆಸರು, ವೇಗದ ಹೆಸರಲ್ಲ. ಅದೇ ಆಕಾರದಲ್ಲಿ ಹಳೆಯ, ನಿಧಾನದ ಸಂಪರ್ಕವಾದ ಸಾಟಾದ ಡ್ರೈವ್ ಕೂಡ ಬರುತ್ತದೆ, ಹೊಸ, ವೇಗದ ಎನ್‌ವಿಎಂಇ ಡ್ರೈವ್ ಕೂಡ ಬರುತ್ತದೆ. ಕೆಲವು ಸ್ಲಾಟ್ ಸಾಟಾ ಮಾತ್ರ ಒಪ್ಪುತ್ತವೆ, ಕೆಲವು ಎನ್‌ವಿಎಂಇ ಮಾತ್ರ, ಕೆಲವು ಎರಡನ್ನೂ. ಸ್ಲಾಟ್ ನೋಡಿ ಊಹಿಸುವುದಕ್ಕಿಂತ ಆ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಓದುವುದೇ ಸರಿ. ನನ್ನದು ಪಿಸಿಐಇ 3.0 ಅನ್ನುವ ಸಂಪರ್ಕದ ನಾಲ್ಕು ಲೇನ್ (ಮಾಹಿತಿ ಓಡುವ ದಾರಿ) ಇರುವ ಸ್ಲಾಟ್. ಒಂದು ಲೇನ್‌ಗೆ ಸೆಕೆಂಡಿಗೆ ಹೆಚ್ಚುಕಡಿಮೆ 985 ಎಂಬಿ, ನಾಲ್ಕಕ್ಕೆ 3900. ಬಳಕೆಯಲ್ಲಿ ಸಿಗುವುದು 3500. ಪಿಸಿಐಇ 4.0 ಡ್ರೈವ್ ಹಾಕಿದರೂ ಕೆಲಸ ಮಾಡುತ್ತದೆ, ಆದರೆ 3.0ರ ವೇಗದಲ್ಲೇ. ಅಳತೆ 2280, ಅಂದರೆ 22 ಮಿಮೀ ಅಗಲ, 80 ಮಿಮೀ ಉದ್ದ.

ನಾನು ಆರಿಸಿದ್ದು 1 ಟಿಬಿಯ ಟಿಎಲ್‌ಸಿ ಡ್ರೈವ್, ಅಂದರೆ ಒಂದು ಕೋಶದಲ್ಲಿ ಮೂರು ಬಿಟ್ ಇಡುವಂಥದ್ದು. ಕ್ಯೂಎಲ್‌ಸಿ ಡ್ರೈವ್‌ಗಳಲ್ಲಿ ಒಂದು ಕೋಶದಲ್ಲಿ ನಾಲ್ಕು ಬಿಟ್ ತುಂಬುತ್ತಾರೆ. ಜಾಗ ಜಾಸ್ತಿ ಸಿಗುತ್ತದೆ, ಆದರೆ ಒಂದೇ ಸಲಕ್ಕೆ ದೊಡ್ಡ ಗೇಮ್ ಬರೆಯುವಾಗ ಕ್ಯಾಷ್ (ಮೊದಲು ಬರೆದಿಡುವ ವೇಗದ ಜಾಗ) ತುಂಬಿದ ಮೇಲೆ ವೇಗ ಪಾತಾಳಕ್ಕೆ ಇಳಿಯುತ್ತದೆ. ಡ್ರೈವ್‌ನ ಮೇಲೆ ಪ್ರತ್ಯೇಕ ಡಿರ‍್ಯಾಮ್ ಇಲ್ಲದಿದ್ದರೂ ಪರವಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ. ಎನ್‌ವಿಎಂಇಯಲ್ಲಿ ಅಂಥ ಡ್ರೈವ್‌ಗಳು ಲ್ಯಾಪ್‌ಟಾಪ್‌ನ ರ‍್ಯಾಮ್‌ನಿಂದಲೇ ಒಂದಿಷ್ಟು ಎಂಬಿ ಎರವಲು ಪಡೆದು ಚೆನ್ನಾಗಿಯೇ ನಡೆಸುತ್ತವೆ. ಚಿಪ್‌ಗಳು ಒಂದೇ ಬದಿಗೆ ಇರುವುದನ್ನು ಹುಡುಕಿದೆ. ತೆಳ್ಳಗಿನ ಲ್ಯಾಪ್‌ಟಾಪ್‌ನಲ್ಲಿ ಎರಡೂ ಬದಿಗೆ ಚಿಪ್ ಇರುವ ಡ್ರೈವ್ ಕೆಳಗೆ ತಾಗಿಕೊಳ್ಳುವ ಸಾಧ್ಯತೆ ಇರುತ್ತದೆ.

ಹಳೆಯ ವಿಂಡೋಸನ್ನೇ ಕ್ಲೋನ್ ಮಾಡೋದಾ, ಅಂದರೆ ಇದ್ದ ಹಾಗೇ ನಕಲು ಮಾಡೋದಾ, ಹೊಸದಾಗಿ ಹಾಕೋದಾ? ಡಿಸ್ಕ್ ಚೆನ್ನಾಗಿದ್ದಿದ್ದರೆ ಕ್ಲೋನ್ ಮಾಡುತ್ತಿದ್ದೆ. ಇಲ್ಲಿ ಓದಲಾಗದ ಸೆಕ್ಟರ್‌ಗಳಿವೆ. ಅವು ವಿಂಡೋಸ್‌ನ ಯಾವ ಫೈಲಿನೊಳಗೆ ಕೂತಿವೆಯೋ ಯಾರಿಗೆ ಗೊತ್ತು? ಹಾಳಾದ ಫೈಲನ್ನು ಹೊಸ ಡ್ರೈವ್‌ಗೆ ಜೋಪಾನವಾಗಿ ಸಾಗಿಸಿ, ಆಮೇಲೆ ತಿಂಗಳುಗಟ್ಟಲೆ ಕಾರಣ ಹುಡುಕುವುದು ಬೇಡ ಅನ್ನಿಸಿತು. ಹೊಸದಾಗಿ ವಿಂಡೋಸ್ 11 ಹಾಕಲು ನಿರ್ಧರಿಸಿದೆ. ಲೈಸೆನ್ಸ್ ಚಿಂತೆ ಇರಲಿಲ್ಲ. ಅದು ಡಿಸ್ಕ್‌ಗಲ್ಲ, ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ. 8 ಜಿಬಿ ಪೆನ್‌ಡ್ರೈವ್ ಒಂದರಲ್ಲಿ ಇನ್‌ಸ್ಟಾಲರ್ ಮಾಡಿಟ್ಟುಕೊಂಡೆ. ವೈಫೈ ಡ್ರೈವರ್ ಕೂಡ ಅದರಲ್ಲೇ ಹಾಕಿದೆ, ಆಮೇಲೆ ನೆಟ್ ಇಲ್ಲದೆ ಒದ್ದಾಡಬಾರದಲ್ಲ.

ಬಿಚ್ಚುವ ದಿನ. ತಳದಲ್ಲಿ 11 ಸ್ಕ್ರೂ, ಅವುಗಳಲ್ಲಿ ಮೂರು ಬೇರೆ ಬೇರೆ ಉದ್ದ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಅಲ್ಲ. ಗಿಡ್ಡ ಸ್ಕ್ರೂ ಇರಬೇಕಾದ ಕಡೆ ಉದ್ದದ್ದನ್ನು ತಿರುಗಿಸಿದರೆ ಅದು ಮೇಲಿನ ಕೀಬೋರ್ಡ್ ತಟ್ಟೆಯವರೆಗೂ ಚುಚ್ಚಿಕೊಂಡು ಹೋಗುತ್ತದೆ. ಒಂದು ರಟ್ಟಿನ ಮೇಲೆ ಲ್ಯಾಪ್‌ಟಾಪ್ ತಳದ ಚಿತ್ರ ಬರೆದು, ತೆಗೆದ ಸ್ಕ್ರೂವನ್ನು ಚಿತ್ರದಲ್ಲಿ ಅದೇ ಜಾಗಕ್ಕೆ ಚುಚ್ಚಿಟ್ಟೆ. ಇಷ್ಟು ಚೆನ್ನಾಗಿ ಕೆಲಸ ಮಾಡುವ ಉಪಾಯ ನನಗೆ ಬೇರೆ ಗೊತ್ತಿಲ್ಲ. ಮುಚ್ಚಳದ ಅಂಚಿನ ಕ್ಲಿಪ್‌ಗಳನ್ನು ಬಿಡಿಸಲು ಹಳೆಯ ಪ್ಲಾಸ್ಟಿಕ್ ಕಾರ್ಡ್ ಸಾಕಾಯಿತು. ಲೋಹದ ಸ್ಕ್ರೂಡ್ರೈವರ್ ತೂರಿಸಬೇಡಿ, ಅಂಚು ಮುರಿಯುತ್ತದೆ, ಒಳಗೆ ಏನಿಗೆ ತಾಗುತ್ತದೋ ಹೇಳಲಾಗದು. ಹಿಂಜ್ ಇರುವ ಹಿಂಬದಿಯಲ್ಲಿ ಕ್ಲಿಪ್ ಬಿಗಿ ಇರುತ್ತದೆ, ಅಲ್ಲಿ ತಾಳ್ಮೆ ಬೇಕು.

ಮುಚ್ಚಳ ತೆಗೆದ ಕೂಡಲೇ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸುವುದು. ಕೆಲವು ಕನೆಕ್ಟರ್ ಮೇಲಕ್ಕೆ ಎತ್ತಬೇಕು, ಕೆಲವನ್ನು ಬೋರ್ಡ್‌ಗೆ ಸಮನಾಗಿ ಪಕ್ಕಕ್ಕೆ ಎಳೆಯಬೇಕು. ತಂತಿ ಹಿಡಿದು ಜಗ್ಗಬಾರದು. ಬಿಡಿಸಿದ ಮೇಲೆ ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡಿದೆ, ಒಳಗೆ ಉಳಿದ ಚೂರುಪಾರು ಕರೆಂಟ್ ಖಾಲಿಯಾಗಲಿ ಅಂತ. ತೆರೆದದ್ದೇ ತೆರೆದೆ ಅಂತ ಫ್ಯಾನ್‌ನ ದೂಳನ್ನೂ ತೆಗೆದೆ. ಆಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡೇ ಊದಬೇಕು. ಗಾಳಿಗೆ ಸುಮ್ನೆ ಗಿರ‍್ರನೆ ತಿರುಗಲು ಬಿಟ್ಟರೆ ಬೇರಿಂಗ್‌ಗೆ ಕೆಟ್ಟದ್ದು.

ಎಸ್‌ಎಸ್‌ಡಿ ಕೂರಿಸುವುದು ಒಂದು ನಿಮಿಷದ ಕೆಲಸ. ಸ್ಲಾಟಿಗೆ 30 ಡಿಗ್ರಿ ಓರೆಯಲ್ಲಿ ತೂರಿಸಿ, ಚಿನ್ನದ ಬಣ್ಣದ ಹಲ್ಲುಗಳು ಒಳಗೆ ಸೇರಿದ ಮೇಲೆ ಕೆಳಕ್ಕೆ ಒತ್ತಿ ಸ್ಕ್ರೂ ಹಾಕುವುದು. ಅಷ್ಟೇ. ಆದರೆ ಆ ಸ್ಕ್ರೂ ಇರಲಿಲ್ಲ. ಖಾಲಿ ಸ್ಲಾಟ್ ಅಂತ ಕಾರ್ಖಾನೆಯಲ್ಲಿ ಸ್ಕ್ರೂ ಹಾಕಿರಲಿಲ್ಲ, ಎಸ್‌ಎಸ್‌ಡಿ ಡಬ್ಬಿಯಲ್ಲೂ ಇರಲಿಲ್ಲ. ಎರಡು ಮಿಮೀ ದಪ್ಪದ, ಮೂರು ಮಿಮೀ ಉದ್ದದ, ಚಪ್ಪಟೆ ತಲೆಯ ಸ್ಕ್ರೂ ಅದು. ಟೇಪ್ ಅಂಟಿಸಿ ಮುಗಿಸೋಣ ಅಂತ ಮನಸ್ಸಾಗಿದ್ದು ನಿಜ. ಆದರೆ ಬಿಸಿಗೆ ಟೇಪಿನ ಅಂಟು ಬಿಡುತ್ತದೆ, ಡ್ರೈವ್ ಮೇಲಕ್ಕೆ ಎದ್ದರೆ ಸಂಪರ್ಕ ತಪ್ಪುತ್ತದೆ. ಒಂದು ದಿನ ಕಾದು ಸ್ಕ್ರೂ ತಂದೆ. ನೀವು ಡ್ರೈವ್ ತರುವಾಗಲೇ ಇದನ್ನೂ ತನ್ನಿ.

ಎಲ್ಲಾ ಸೇರಿಸಿ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದೆ. ವಿಂಡೋಸ್ ಎಲ್ಲಿ ಹಾಕಲಿ ಅಂತ ಕೇಳುವ ಪಟ್ಟಿಯಲ್ಲಿ ಹಳೆಯ ಡಿಸ್ಕ್ ಮಾತ್ರ ಇತ್ತು. ಹೊಸದು ಇಲ್ಲವೇ ಇಲ್ಲ. ಎದೆ ಧಸಕ್ಕೆಂದಿತು. ಮತ್ತೆ ಬಿಚ್ಚಿ ಕೂರಿಸಿ ನೋಡಿದೆ, ಅದೇ ಕಥೆ. ಬಯೋಸ್‌ಗೆ ಹೋದರೆ ಅಲ್ಲಿ ಡ್ರೈವ್‌ನ ಹೆಸರು ಸರಿಯಾಗಿ ಕಾಣುತ್ತಿದೆ. ಅಂದರೆ ಡ್ರೈವ್ ಚೆನ್ನಾಗಿದೆ, ಇನ್‌ಸ್ಟಾಲರ್‌ಗೆ ದಾರಿ ಕಾಣುತ್ತಿಲ್ಲ. ಕಾರಣ ಅಲ್ಲೇ ಇತ್ತು: ಸಾಟಾ ಮೋಡ್ ಅನ್ನುವ ಸಾಲು ರೇಡ್‌ಗೆ (ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ವ್ಯವಸ್ಥೆ) ನಿಂತಿತ್ತು. ಆ ಮೋಡ್‌ನಲ್ಲಿ ಎನ್‌ವಿಎಂಇ ಡ್ರೈವ್ ಚಿಪ್‌ಸೆಟ್‌ನ ರೇಡ್ ವ್ಯವಸ್ಥೆಯ ಹಿಂದೆ ಅಡಗಿಕೊಳ್ಳುತ್ತದೆ. ಅದರ ಡ್ರೈವರ್ ಕೊಟ್ಟರೆ ಕಾಣುತ್ತದೆ, ಇಲ್ಲವಾದರೆ ಎಎಚ್‌ಸಿಐ ಅನ್ನುವ ಮಾಮೂಲಿ ಮೋಡ್‌ಗೆ ಬದಲಿಸಬೇಕು. ನಾನು ಬದಲಿಸಿದೆ. ಪಟ್ಟಿಯಲ್ಲಿ ಎರಡೂ ಡಿಸ್ಕ್ ಕಂಡವು. ಒಂದು ಮಾತು: ಹೀಗೆ ಬದಲಿಸಿದರೆ ಹಳೆಯ ಡಿಸ್ಕ್‌ನಲ್ಲಿರುವ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಅದೂ ಬೇಕು ಅನ್ನುವವರು ಮೊದಲು ಸೇಫ್ ಮೋಡ್‌ಗೆ ಬೂಟ್ ಆಗುವ ಹಾಗೆ ಮಾಡಿ, ಬಯೋಸ್ ಬದಲಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ತೆರೆದು, ಆಮೇಲೆ ಮಾಮೂಲಿಗೆ ತರಬೇಕು. ಹೊಸ ಪ್ರೊಸೆಸರ್ ಇರುವ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಇದೇ ಕೆಲಸ ಮಾಡುವ ಸಾಲಿಗೆ ವಿಎಂಡಿ ಅಂತ ಹೆಸರಿರುತ್ತದೆ.

ಹೊಸ ಡ್ರೈವ್‌ನ ಖಾಲಿ ಜಾಗ ಆರಿಸಿದೆ. ಫೈಲ್ ಕಾಪಿ ಆಗುವುದನ್ನು ನೋಡುತ್ತಾ ಕೂರಲು ಪುರಸೊತ್ತೇ ಸಿಗಲಿಲ್ಲ, ಅಷ್ಟು ಬೇಗ ಮುಗಿಯಿತು. ರೀಸ್ಟಾರ್ಟ್ ಆದಾಗ ನೀಲಿ ಪರದೆಯ ಮೇಲೆ ಎರಡು ಸಾಲಿನ ಪಟ್ಟಿ ಬಂತು: ವಿಂಡೋಸ್ 11, ವಿಂಡೋಸ್ 10. ಹಳೆಯದೂ ಇದೆಯಲ್ಲ, ಹಾಗಾಗಿ ಕೇಳುತ್ತಿದೆ ಅಂದುಕೊಂಡು 11 ಒತ್ತಿ ಮುಂದೆ ಹೋದೆ. ಆ ಪಟ್ಟಿ ನನಗೆ ಒಂದು ವಿಷಯ ಹೇಳುತ್ತಿತ್ತು. ಆಗ ಗಮನಿಸಲಿಲ್ಲ.

ಸಂಜೆವರೆಗೂ ಡ್ರೈವರ್, ತಂತ್ರಾಂಶ, ಸೆಟ್ಟಿಂಗ್ ಎಲ್ಲಾ ಮುಗಿಸಿದೆ. ಬೂಟ್ ಸಮಯ ನೋಡಿದೆ. ಬ್ರೌಸರ್‌ನ ಮೊದಲ ಪುಟದವರೆಗೆ 19 ಸೆಕೆಂಡ್. ಖುಷಿಯಲ್ಲಿ ಲ್ಯಾಪ್‌ಟಾಪ್ ಆಫ್ ಮಾಡಿ, ಮತ್ತೆ ಮುಚ್ಚಳ ತೆಗೆದು, ಹಳೆಯ ಹಾರ್ಡ್ ಡಿಸ್ಕ್‌ನ ಚಪ್ಪಟೆ ಕೇಬಲ್ ಬಿಡಿಸಿದೆ. ಕನೆಕ್ಟರ್‌ನ ಕಪ್ಪು ರೆಪ್ಪೆಯನ್ನು ಉಗುರಿನಿಂದ ಮೇಲಕ್ಕೆ ಎತ್ತಿದ ಮೇಲೆಯೇ ಆ ಕೇಬಲ್ ಎಳೆಯಬೇಕು. ರೆಪ್ಪೆ ತುಂಬಾ ನಾಜೂಕು. ಡಿಸ್ಕ್ ಹೊರಗೆ ಬಂತು. ಆನ್ ಮಾಡಿದೆ. ಕಪ್ಪು ಪರದೆ, ಬಿಳಿ ಅಕ್ಷರ: ನೋ ಬೂಟಬಲ್ ಡಿವೈಸ್.

ಹೊಸ ಡ್ರೈವ್ ಸುಟ್ಟು ಹೋಯಿತು ಅಂತಲೇ ಅಂದುಕೊಂಡೆ. ಬ್ಯಾಟರಿ ಬಿಡಿಸಿದ್ದೆನಾ? ಬಿಡಿಸಿದ್ದೆ. ಬಯೋಸ್‌ನಲ್ಲಿ ಡ್ರೈವ್ ಕಾಣುತ್ತಿದೆಯಾ? ಕಾಣುತ್ತಿದೆ. ಹಳೆಯ ಡಿಸ್ಕನ್ನು ವಾಪಸ್ ಸಿಕ್ಕಿಸಿದೆ. ಚೆನ್ನಾಗಿ ಬೂಟ್ ಆಯಿತು! ತೆಗೆದೆ, ಇಲ್ಲ. ಹಾಕಿದೆ, ಸರಿ. ಆಗ ಆ ಎರಡು ಸಾಲಿನ ಪಟ್ಟಿ ನೆನಪಾಯಿತು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿದರೆ ಎಲ್ಲಾ ಸ್ಪಷ್ಟವಾಗಿ ಬರೆದಿತ್ತು. ಸಿ ಡ್ರೈವ್ ಹೊಸ ಡಿಸ್ಕ್‌ನಲ್ಲಿದೆ. ಆದರೆ ಇಎಫ್‌ಐ ಸಿಸ್ಟಮ್ ಪಾರ್ಟಿಷನ್ ಇರುವುದು ಹಳೆಯ ಡಿಸ್ಕ್‌ನಲ್ಲಿ.

ಆಗಿದ್ದು ಇಷ್ಟು. ಲ್ಯಾಪ್‌ಟಾಪ್ ಆನ್ ಆದಾಗ ಬಯೋಸ್ ಮೊದಲು ಹುಡುಕುವುದು ವಿಂಡೋಸನ್ನಲ್ಲ, ಆ ಇಎಫ್‌ಐ ಪಾರ್ಟಿಷನ್ನನ್ನು. ನೂರಿನ್ನೂರು ಎಂಬಿಯ ಸಣ್ಣ ಜಾಗ ಅದು. ವಿಂಡೋಸ್ ಎಲ್ಲಿದೆ ಅಂತ ಹೇಳುವ ಬೂಟ್ ಮ್ಯಾನೇಜರ್ ಅಲ್ಲಿರುತ್ತದೆ. ಇನ್‌ಸ್ಟಾಲ್ ಮಾಡುವಾಗ ಬೇರೆ ಡಿಸ್ಕ್‌ನಲ್ಲಿ ಆಗಲೇ ಒಂದು ಇಎಫ್‌ಐ ಪಾರ್ಟಿಷನ್ ಇದ್ದರೆ, ಹೊಸದನ್ನು ಮಾಡದೆ ಅದರಲ್ಲೇ ಹೊಸ ವಿಂಡೋಸ್‌ನ ವಿಳಾಸ ಬರೆದು ಮುಗಿಸುವುದುಂಟು. ನನ್ನಲ್ಲಿ ಹಾಗೇ ಆಗಿತ್ತು. ಮನೆ ಹೊಸ ಜಾಗದಲ್ಲಿ, ಬಾಗಿಲು ಮಾತ್ರ ಹಳೆಯ ಮನೆಯಲ್ಲಿ. ನಾನು ಡಿಸ್ಕ್ ಹೊರಗೆ ತೆಗೆದು ನೋಡದೇ ಇದ್ದಿದ್ದರೆ? ಸಾಯುತ್ತಿದ್ದ ಆ ಡಿಸ್ಕ್ ಇನ್ನೆರಡು ತಿಂಗಳಲ್ಲಿ ಕೈಕೊಟ್ಟ ದಿನ ಚೆನ್ನಾಗಿರುವ ಎಸ್‌ಎಸ್‌ಡಿಯೂ ಬೂಟ್ ಆಗದೆ ನಿಲ್ಲುತ್ತಿತ್ತು.

ಸುಲಭದ ದಾರಿ ಅಂದರೆ ಹಳೆಯ ಡಿಸ್ಕ್‌ನ ಕೇಬಲ್ ಬಿಡಿಸಿ ವಿಂಡೋಸನ್ನು ಮತ್ತೆ ಹಾಕುವುದು. ಆದರೆ ಅರ್ಧ ದಿನದ ಸೆಟ್ಟಿಂಗ್ ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಹಾಗಾಗಿ ಹೊಸ ಡ್ರೈವ್‌ನಲ್ಲೇ ಬಾಗಿಲು ಮಾಡಿದೆ. ಹಳೆಯದನ್ನು ಸಿಕ್ಕಿಸಿ ಬೂಟ್ ಮಾಡಿ, ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಡಿಸ್ಕನ್ನು ಭಾಗ ಮಾಡುವ ಡಿಸ್ಕ್‌ಪಾರ್ಟ್ ಶುರು ಮಾಡಿದೆ. ಮೊದಲು ಡಿಸ್ಕ್‌ಗಳ ಪಟ್ಟಿ ತೆಗೆಸಿ ಯಾವ ನಂಬರ್ ಯಾವುದು ಅಂತ ಎರಡು ಸಲ ನೋಡಿದೆ. ಇಲ್ಲಿ ನಂಬರ್ ತಪ್ಪಿದರೆ ಬೇರೆ ಡಿಸ್ಕ್ ಅಳಿಸಿ ಹೋಗುತ್ತದೆ, ಆಮೇಲೆ ಅತ್ತರೂ ಬರುವುದಿಲ್ಲ. ಹೊಸ ಡಿಸ್ಕ್‌ನ ಸಿ ಪಾರ್ಟಿಷನ್ನನ್ನು 300 ಎಂಬಿಯಷ್ಟು ಕುಗ್ಗಿಸಿದೆ. ಆ ಜಾಗದಲ್ಲಿ ಇಎಫ್‌ಐ ಬಗೆಯ ಪಾರ್ಟಿಷನ್ ಮಾಡಿ, ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಎಸ್ ಅನ್ನುವ ಅಕ್ಷರ ಕೊಟ್ಟೆ. ಡಿಸ್ಕ್‌ಪಾರ್ಟ್‌ನಿಂದ ಹೊರಬಂದು ಬಿಸಿಡಿಬೂಟ್ ಕಮಾಂಡ್‌ಗೆ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ತೋರಿಸಿ, ಬೂಟ್ ಫೈಲುಗಳನ್ನು ಯುಇಎಫ್‌ಐ ಬಗೆಯಲ್ಲಿ ಎಸ್‌ಗೆ ಬರೆ ಅಂದೆ. ಎರಡೇ ಸೆಕೆಂಡ್. ಬೂಟ್ ಫೈಲುಗಳು ಸರಿಯಾಗಿ ತಯಾರಾದವು ಅಂತ ಒಂದು ಸಾಲು ಬಂತು.

ಆಫ್ ಮಾಡಿದೆ. ಬ್ಯಾಟರಿ ಬಿಡಿಸಿ, ಹಳೆಯ ಡಿಸ್ಕ್ ತೆಗೆದು ಮೇಜಿನ ಮೇಲಿಟ್ಟೆ. ಬ್ಯಾಟರಿ ಸಿಕ್ಕಿಸಿ ಆನ್ ಮಾಡಿದೆ. ಎರಡು ಸಾಲಿನ ಪಟ್ಟಿ ಬರಲಿಲ್ಲ. ನೇರವಾಗಿ ವಿಂಡೋಸ್ 11 ತೆರೆಯಿತು. ಹೊಸ ಡ್ರೈವ್ ತನ್ನ ಕಾಲ ಮೇಲೆ ತಾನು ನಿಂತಿತ್ತು. ಅಪ್‌ಗ್ರೇಡ್ ಮುಗಿದದ್ದು ನನ್ನ ಪ್ರಕಾರ ಆ ಕ್ಷಣಕ್ಕೆ, 19 ಸೆಕೆಂಡ್ ನೋಡಿದಾಗಲ್ಲ. ಆಮೇಲೆ ಗೆಳೆಯನೊಬ್ಬನ ಲ್ಯಾಪ್‌ಟಾಪ್‌ಗೂ ಇದೇ ಕೆಲಸ ಮಾಡಿಕೊಟ್ಟೆ. ಅಲ್ಲಿ ಹಳೆಯ ಡಿಸ್ಕ್‌ನ ಕೇಬಲ್ ಬಿಡಿಸಿದ ಮೇಲೆಯೇ ಇನ್‌ಸ್ಟಾಲರ್ ತೆರೆದೆ. ಈ ಗೋಳು ಏನೂ ಬರಲಿಲ್ಲ.

ಇನ್ನು ಬಿಸಿ. ಈ ಲ್ಯಾಪ್‌ಟಾಪ್‌ನಲ್ಲಿ ಎಂ.2 ಸ್ಲಾಟ್ ಇರುವುದು ಗ್ರಾಫಿಕ್ಸ್ ಕಾರ್ಡ್‌ನ ತಾಮ್ರದ ಕೊಳವೆಯ ಪಕ್ಕದಲ್ಲೇ. ಒಂದು ಗಂಟೆ ಗೇಮ್ ಆಡಿದ ಮೇಲೆ ಡ್ರೈವ್ 78 ಡಿಗ್ರಿ ಮುಟ್ಟಿತು. ಎನ್‌ವಿಎಂಇ ಡ್ರೈವ್ ಜಾಸ್ತಿ ಬಿಸಿಯಾದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಅಲ್ಲಿಯವರೆಗೆ ಹೋಗುವುದು ಬೇಡ ಅಂತ ಡ್ರೈವ್‌ಗೂ ತಳದ ಮುಚ್ಚಳಕ್ಕೂ ನಡುವೆ ಥರ್ಮಲ್ ಪ್ಯಾಡ್ ಇಡಲು ನೋಡಿದೆ. ಪ್ಯಾಡ್ ಎಷ್ಟು ದಪ್ಪ ಬೇಕು? ಅಳೆಯಲು ಮಕ್ಕಳು ಆಡುವ ಮೆತ್ತನೆಯ ಕ್ಲೇ ಬಳಸಿದೆ. ಚೂರು ಕ್ಲೇಯನ್ನು ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಡ್ರೈವ್ ಮೇಲಿಟ್ಟು, ಮುಚ್ಚಳ ಮುಚ್ಚಿ, ಮೆಲ್ಲಗೆ ಒತ್ತಿ ತೆಗೆದೆ. ಚಪ್ಪಟೆಯಾದ ಕ್ಲೇ 1.3 ಮಿಮೀ ಇತ್ತು. 1.5 ಮಿಮೀ ಪ್ಯಾಡ್ ಹಾಕಿದೆ. ತುಂಬಾ ದಪ್ಪದ್ದು ಹಾಕಿದರೆ ಡ್ರೈವ್ ಬಾಗುತ್ತದೆ, ತೆಳ್ಳಗಿದ್ದರೆ ಮುಚ್ಚಳಕ್ಕೆ ತಾಗುವುದೇ ಇಲ್ಲ. ಡ್ರೈವ್ ಮೇಲಿನ ಸ್ಟಿಕ್ಕರ್ ಕೀಳಲಿಲ್ಲ, ವಾರಂಟಿ ಹೋಗುತ್ತದೆ. ಅದೇ ಗೇಮ್, ಅದೇ ಒಂದು ಗಂಟೆ, ಈಗ 66 ಡಿಗ್ರಿ. ಮುಚ್ಚಳ ಲೋಹದ್ದಾದ್ದರಿಂದ ಇಷ್ಟು ಇಳಿಯಿತು. ಪ್ಲಾಸ್ಟಿಕ್ ಮುಚ್ಚಳವಾಗಿದ್ದರೆ ಇಷ್ಟು ನಿರೀಕ್ಷೆ ಬೇಡ.

ಗೇಮ್‌ನಲ್ಲಿ ಏನು ಬದಲಾಯಿತು ಅನ್ನೋದನ್ನು ಬಿಡಿಸಿ ಹೇಳಬೇಕು. ಇದರ ಬಗ್ಗೆ ತಪ್ಪು ನಿರೀಕ್ಷೆ ಜಾಸ್ತಿ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಫ್ರೇಮ್ ಅಥವಾ ಚಿತ್ರಗಳ ಲೆಕ್ಕ) ಮೊದಲು 71, ಈಗ 72. ಅಂದರೆ ಬದಲಾಗಲೇ ಇಲ್ಲ. ಚಿತ್ರ ಬರೆಯುವುದು ಗ್ರಾಫಿಕ್ಸ್ ಕಾರ್ಡ್, ಡಿಸ್ಕ್ ಅಲ್ಲ. ಆದರೆ ಅತಿ ನಿಧಾನದ 1% ಫ್ರೇಮ್‌ಗಳ ವೇಗ 31ರಿಂದ 52ಕ್ಕೆ ಏರಿತು. ಆ ಗಕ್ಕನೆ ನಿಲ್ಲುವುದು ಹೋಯಿತು ಅಂತ ಇದರ ಅರ್ಥ. ಗಾಡಿ ಎಷ್ಟು ಜೋರಾಗಿ ಓಡಿಸಿದರೂ ಗೋಡೆಯ ಇಟ್ಟಿಗೆ ನಾನು ಹೋಗುವ ಮೊದಲೇ ಅಲ್ಲಿರುತ್ತದೆ. ಸೇವ್ ತೆರೆಯಲು ಮೊದಲು 1 ನಿಮಿಷ 48 ಸೆಕೆಂಡ್ ಬೇಕಿತ್ತು, ಈಗ 22 ಸೆಕೆಂಡ್. 2020ರ ಕೊನೆಗೆ ಬಂದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಲ್ಲೂ ಎಸ್‌ಎಸ್‌ಡಿಯೇ ಇದೆ. ಆಮೇಲೆ ಗೇಮ್ ಮಾಡುವವರು ಅದನ್ನೇ ನಂಬಿ ಜಗತ್ತು ಕಟ್ಟತೊಡಗಿದರು. 2023ರಲ್ಲಿ ಬಂದ ಸ್ಟಾರ್‌ಫೀಲ್ಡ್‌ನ ಕನಿಷ್ಠ ಅಗತ್ಯದಲ್ಲೇ ಎಸ್‌ಎಸ್‌ಡಿ ಬೇಕು ಅಂತಿದೆ. ಸೈಬರ್‌ಪಂಕ್ 2077 ಕೂಡ ಅದೇ ವರ್ಷ ಹಾರ್ಡ್ ಡಿಸ್ಕ್‌ಗೆ ಬೆಂಬಲ ನಿಲ್ಲಿಸಿತು.

ಖಾಲಿಯಾದ 2.5 ಇಂಚಿನ ಜಾಗಕ್ಕೆ ತಿಂಗಳ ನಂತರ 1 ಟಿಬಿ ಸಾಟಾ ಎಸ್‌ಎಸ್‌ಡಿ ಹಾಕಿದೆ, ಗೇಮ್‌ಗಳಿಗೆ ಅಂತಲೇ. ಹಳೆಯ ಡಿಸ್ಕ್ ಕೂಡ 7 ಮಿಮೀ ದಪ್ಪದ್ದೇ ಆದ್ದರಿಂದ ಅದರ ಚೌಕಟ್ಟು, ಅದರ ನಾಲ್ಕು ಸ್ಕ್ರೂ ಇದಕ್ಕೂ ಆಯಿತು. ಸಾಟಾದ ಮಿತಿ ಸೆಕೆಂಡಿಗೆ 550 ಎಂಬಿ. ಕಾಗದದ ಮೇಲೆ ಎನ್‌ವಿಎಂಇಗಿಂತ ಆರು ಪಟ್ಟು ನಿಧಾನ. ಆದರೆ ಅದೇ ಗೇಮ್ ಇದರಿಂದ ತೆರೆಯಲು 27 ಸೆಕೆಂಡ್ ಬೇಕಾಯಿತು. ಐದು ಸೆಕೆಂಡ್ ವ್ಯತ್ಯಾಸ ಅಷ್ಟೇ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಂ.2 ಸ್ಲಾಟ್ ಇಲ್ಲ ಅಂತ ಬೇಜಾರಾಗಬೇಡಿ. ಹಾರ್ಡ್ ಡಿಸ್ಕ್‌ನಿಂದ ಸಾಟಾ ಎಸ್‌ಎಸ್‌ಡಿಗೆ ಬರುವುದೇ ದೊಡ್ಡ ಜಿಗಿತ. ಬ್ಯಾಕಪ್‌ನಿಂದ ಗೇಮ್ ಫೋಲ್ಡರ್‌ಗಳನ್ನು ಇದಕ್ಕೆ ಕಾಪಿ ಮಾಡಿ, ಗೇಮ್ ಕೊಂಡು ಇಳಿಸಿಕೊಳ್ಳುವ ತಂತ್ರಾಂಶ ಸ್ಟೀಮ್‌ಗೆ ಈ ಜಾಗ ತೋರಿಸಿ, ಪ್ರತಿ ಗೇಮ್‌ನ ಫೈಲುಗಳನ್ನು ಪರೀಕ್ಷೆ ಮಾಡಿಸಿದೆ. ರೋಬೋಕಾಪಿ ಬಿಟ್ಟಿದ್ದ ಆ ಮೂರು ಫೈಲುಗಳನ್ನು ಅದೇ ಗುರುತಿಸಿ ಡೌನ್‌ಲೋಡ್ ಮಾಡಿಕೊಂಡಿತು. ಉಳಿದದ್ದನ್ನು ಮುಟ್ಟಲಿಲ್ಲ.

ಸೆಟ್ಟಿಂಗ್ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಅಳಿಸಿದ ಜಾಗ ಯಾವುದು ಅಂತ ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ಆನ್ ಇದೆಯಾ ನೋಡಿದೆ, ಇತ್ತು. ಡಿಸ್ಕ್ ಸವೆಯುತ್ತದೆ ಅಂತ ಪೇಜ್‌ಫೈಲ್ (ನೆನಪಿನ ಜಾಗ ಸಾಲದಾಗ ವಿಂಡೋಸ್ ಡಿಸ್ಕ್‌ನಲ್ಲಿ ಬಳಸುವ ಫೈಲ್) ಆಫ್ ಮಾಡಿ ಅನ್ನುವ ಹಳೆಯ ಸಲಹೆ ಈಗಲೂ ಓಡಾಡುತ್ತಿದೆ. ಮಾಡಬೇಡಿ. ನನ್ನ ಡ್ರೈವ್‌ಗೆ 600 ಟಿಬಿ ಬರೆಯುವವರೆಗೆ ವಾರಂಟಿ ಇದೆ. ದಿನಕ್ಕೆ 40 ಜಿಬಿ ಬರೆದರೂ ಅದು ಮುಗಿಯಲು 15,000 ದಿನ ಬೇಕು, ಅಂದರೆ 41 ವರ್ಷ. ಐದು ತಿಂಗಳಲ್ಲಿ ನಾನು ಬರೆದಿದ್ದು 4.1 ಟಿಬಿ. ಡ್ರೈವ್ ಪೂರ್ತಿ ತುಂಬದಂತೆ ನೋಡಿಕೊಳ್ಳುತ್ತೇನೆ, ಹತ್ತರಲ್ಲಿ ಒಂದು ಭಾಗ ಖಾಲಿ ಬಿಡುತ್ತೇನೆ.

ಹಳೆಯ ಹಾರ್ಡ್ ಡಿಸ್ಕ್‌ಗೆ ಯುಎಸ್‌ಬಿ ಡಬ್ಬಿ ಹಾಕಿ ಬ್ಯಾಕಪ್‌ಗೆ ಇಟ್ಟುಕೊಳ್ಳಬಹುದಲ್ಲ ಅಂತ ಕೆಲವರು ಕೇಳಿದರು. ಚೆನ್ನಾಗಿರುವ ಡಿಸ್ಕ್ ಆಗಿದ್ದರೆ ಇಟ್ಟುಕೊಳ್ಳುತ್ತಿದ್ದೆ. ಇದನ್ನು ಎರಡು ತಿಂಗಳು ಮುಟ್ಟದೆ ಡ್ರಾಯರ್‌ನಲ್ಲಿ ಇಟ್ಟೆ, ಏನಾದರೂ ಬಿಟ್ಟುಹೋಗಿದ್ದರೆ ಅಂತ. ಏನೂ ಬಿಟ್ಟಿರಲಿಲ್ಲ. ಆಮೇಲೆ ಪೂರ್ತಿ ಸೊನ್ನೆ ಬರೆದು ಅಳಿಸಿದೆ. ಅಳಿಸಲು ಐದು ಗಂಟೆ ಹಿಡಿಯಿತು. ಮುಗಿದ ಮೇಲೆ ಸ್ಮಾರ್ಟ್ ಪಟ್ಟಿ ನೋಡಿದೆ. ಬದಲಿ ಸೆಕ್ಟರ್‌ಗಳ ಲೆಕ್ಕ 16ರಿಂದ 40ಕ್ಕೆ ಏರಿತ್ತು. ಬಾಕಿ ಇದ್ದ 24ಕ್ಕೆ 24ನ್ನೂ ಡಿಸ್ಕ್ ಕೈಬಿಟ್ಟಿತ್ತು.